ವಾಂಡಿವಾಷ್‌ನಲ್ಲಿ ನಾನು ಸೋತದ್ದು

ಬೇರೆಯವರ ಜಗಳದಿಂದ ಆಗುವ ಸುಸ್ತು ಸ್ವಂತ ಜಗಳದಿಂದ ಆಗುವುದಿಲ್ಲ. ಸ್ವಂತದ್ದರಲ್ಲಿ ಒಂದೆರಡು ಮಾತಾದರೂ ಆಡಿ ಹಗುರಾಗಬಹುದು. ನಾನು ಇಪ್ಪತ್ತಾರು ವರ್ಷಗಳಿಂದ ಮೈಸೂರಿನ ಚಾಮರಾಜಪುರಂನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷರ ಮತ್ತು ಫ್ರೆಂಚರ ಜಗಳವನ್ನು ಪಾಠ ಮಾಡುತ್ತಿದ್ದೇನೆ. ಮದರಾಸಿನಲ್ಲಿ ಇವರು, ಪುದುಚೇರಿಯಲ್ಲಿ ಅವರು. ವ್ಯಾಪಾರಕ್ಕೆಂದು ಬಂದವರು ಆರ್ಕಾಟಿನ ಗದ್ದುಗೆಯ ಮೇಲೆ ಯಾರನ್ನು ಕೂರಿಸಬೇಕೆಂದು ಬಡಿದಾಡಿಕೊಂಡರು. ಒಟ್ಟು ಮೂರು ಕರ್ನಾಟಿಕ್ ಯುದ್ಧಗಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಮಕ್ಕಳು ಆಕಳಿಸುತ್ತಾರೆ. ಅವರನ್ನು ನೋಡಿ ನಾನೂ ಆಕಳಿಸುತ್ತೇನೆ.

ಈ ಸಲ ವಾರ್ಷಿಕೋತ್ಸವಕ್ಕೆ ನಮ್ಮ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಿ ಮೇಡಂ, "ಆ ಯುದ್ಧಾನೇ ನಾಟಕ ಮಾಡಿಸಿ ಸಾರ್, ಮಕ್ಕಳ ತಲೇಲಿ ಉಳಿಯುತ್ತೆ" ಎಂದರು. ಫ್ರೆಂಚರು ಮತ್ತೆ ತಲೆಯೆತ್ತದಂತೆ ಸೋತ ವಾಂಡಿವಾಷ್ ಕದನವನ್ನೇ ಆರಿಸಿ ಪಾತ್ರ ಹಂಚಿದೆ. ಮರುದಿನವೇ ಫ್ರೆಂಚ್ ಸೇನಾಪತಿಯ ತಾಯಿ ಮೇಟಗಳ್ಳಿಯಿಂದ ಬಂದರು. "ನಮ್ ಹುಡುಗಿ ಅಷ್ಟು ಜನದ ಮುಂದೆ ಸೋಲ್ಬೇಕಾ ಸಾರ್? ಅವಳು ಕ್ಲಾಸಿಗೇ ಫಸ್ಟ್ ಕಣ್ರೀ!" ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಇಂಗ್ಲಿಷ್ ಸೇನಾಪತಿಯ ತಾತ ಒಂಟಿಕೊಪ್ಪಲಿನಿಂದ ಬಂದರು. "ನಮ್ಮಪ್ಪ ಇಂಗ್ಲಿಷರನ್ನ ಎದುರು ಹಾಕ್ಕೊಂಡು ಜೈಲಿಗೆ ಹೋದೋರು. ಅವರ ಮರಿಮೊಮ್ಮಗ ಇಂಗ್ಲಿಷ್ ಟೋಪಿ ಹಾಕ್ಕೊಂಡು ಗೆಲ್ಲೋದಾ?"

ಒಬ್ಬರಿಗೆ ಸೋಲು ಬೇಡ, ಇನ್ನೊಬ್ಬರಿಗೆ ಗೆಲುವು ಬೇಡ. ಮತ್ತೇನಾಗುತ್ತೀರಿ ಎಂದು ಮಕ್ಕಳನ್ನೇ ಕೇಳಿದೆ. ನಲವತ್ತೆರಡು ಮಕ್ಕಳೂ ಒಟ್ಟಿಗೆ, "ಮೈಸೂರು ಸೈನಿಕರು ಸಾರ್!" ಎಂದರು. ಆ ಕದನದಲ್ಲಿ ಮೈಸೂರಿನವರು ಇರಲೇ ಇಲ್ಲ ಎಂದು ಮೇಡಂ ಮುಂದೆ ಗೋಳು ತೋಡಿಕೊಂಡೆ.

"ನೋಡೋಕೆ ಬಂದಿದ್ರು ಅಂತ ಮಾಡಿ ಸಾರ್."

"ಹಾಗಾದ್ರೆ ಯುದ್ಧ ಮಾಡೋರು ಯಾರು ಮೇಡಂ?"

ಅವರು ನನ್ನನ್ನೂ, ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದಿದ್ದ ಪಿ.ಟಿ. ಮೇಷ್ಟ್ರು ಬೋರೇಗೌಡರನ್ನೂ ನೋಡಿದರು. ಗೌಡರು ತಕ್ಷಣ, "ನಾನು ಇಂಗ್ಲಿಷ್ ಕಡೆ" ಎಂದುಬಿಟ್ಟರು. ಯಾವ ಕೆಲಸಕ್ಕೂ ಅವರು ಅಷ್ಟು ಬೇಗ ಮುಂದೆ ಬಂದದ್ದನ್ನು ನಾನು ಕಂಡಿಲ್ಲ.

ಹೀಗೆ ಐವತ್ತೇಳನೆಯ ವಯಸ್ಸಿನಲ್ಲಿ, ಮಗಳ ನೀಲಿ ದುಪಟ್ಟಾ ಸೊಂಟಕ್ಕೆ ಬಿಗಿದು, ರಟ್ಟಿನ ಟೋಪಿ ಇಟ್ಟುಕೊಂಡು ವೇದಿಕೆ ಹತ್ತಿದೆ. ಹಿಂದೆ ಇಡೀ ಮೈಸೂರು ಸೈನ್ಯ ಯುದ್ಧ ನೋಡುತ್ತಾ ನಿಂತಿತ್ತು. ಐದು ನಿಮಿಷ ಕತ್ತಿ ಬೀಸಿ ಆಮೇಲೆ ನಾನು ಬೀಳುವುದೆಂದು ಮಾತಾಗಿತ್ತು. ಎರಡು ನಿಮಿಷಕ್ಕೇ ಏದುಸಿರು ಬಂತು.

"ಗೌಡ್ರೇ, ಈಗ್ಲೇ ಬಿದ್ದುಬಿಡ್ತೀನಿ" ಎಂದು ಪಿಸುಗುಟ್ಟಿದೆ.

"ಇನ್ನೂ ಮೂರು ನಿಮಿಷ ಐತೆ ಸಾರ್! ನಮ್ಮನೆಯೋರು ವಿಡಿಯೋ ಮಾಡ್ತಾವ್ರೆ!"

ನಾನು ಕೇಳಲಿಲ್ಲ. ಕತ್ತಿಯನ್ನು ಪಕ್ಕಕ್ಕಿಟ್ಟೆ, ಮಂಡಿ ಹಿಡಿದು ಕುಳಿತೆ, ಹಾಗೇ ಒರಗಿ ಕಣ್ಣು ಮುಚ್ಚಿದೆ. ಅಬ್ಬಾ, ಎಂಥ ನೆಮ್ಮದಿ! ಪುದುಚೇರಿ ಹೋದರೆ ಹೋಗಲಿ ಎನಿಸಿತು. ಗೌಡರು ಮಾತ್ರ ಬಿದ್ದವನ ಸುತ್ತ ಇನ್ನೂ ಮೂರು ನಿಮಿಷ ಒಬ್ಬರೇ ಯುದ್ಧ ಮಾಡಿದರು. ಚಪ್ಪಾಳೆಯೋ ಚಪ್ಪಾಳೆ.

ಮನೆಗೆ ಬರುತ್ತಾ ನನ್ನ ಹೆಂಡತಿ, "ಎಷ್ಟು ಸಹಜವಾಗಿ ಸೋತ್ರಿ! ಜನ ಅದನ್ನ ನಟನೆ ಅಂದ್ಕೊಂಡ್ಬುಟ್ರು, ಪಾಪ" ಎಂದಳು. ಅದು ನಟನೆಯೇ ಎಂದು ವಾದಿಸಲು ಬಾಯಿ ತೆರೆದೆ. ಎದುರಿಗೆ ಇನ್ನೊಂದು ಯುದ್ಧ ಕಂಡಿತು. ಟೋಪಿ ತೆಗೆದು ಅವಳ ಕೈಗೆ ಕೊಟ್ಟು, ಅವಳ ಹಿಂದೆಯೇ ನಡೆದೆ.