ಷಡ್ಡಕನ ಬೀದಿಯ ಗುಂಡಿ

ಕಾಫಿಗೆ ಸಕ್ಕರೆ ಸಾಲದೆಂದು ಹೇಳಲು ಬಾಯಿ ತೆರೆದ ಮುಳ್ಳಪ್ಪ, ಹೆಂಡತಿ ಕೈಗಿತ್ತ ಪತ್ರಿಕೆಯ ಮೂರನೆಯ ಪುಟ ನೋಡಿ ಬಾಯನ್ನು ಮುಚ್ಚುವುದನ್ನೇ ಮರೆತ. ಅಲ್ಲಿ ಅವನ ಷಡ್ಡಕನ ಫೋಟೋ ಬಂದಿತ್ತು.

"ನನ್ನ ತಂಗಿ ಗಂಡ ಫೋಟೋದಲ್ಲಿ ಎಷ್ಟು ಲಕ್ಷಣವಾಗಿ ಕಾಣ್ತಾರೆ ನೋಡಿ," ಎಂದಳು ಹೆಂಡತಿ. "ಗುಂಡಿ ಪಕ್ಕ ನಿಂತಿದ್ರೂ ಮದುವೆಮನೇಲಿ ನಿಂತ ಹಾಗಿದೆ."

ಬೀದಿಯ ಕೊನೆಯಲ್ಲಿ ಕೈಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಮುಳ್ಳಪ್ಪನಿಗೆ ತಂದೆ-ತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಗಡಿಯಾರದ ಮುಳ್ಳು ಸರಿಮಾಡಿ ಸರಿಮಾಡಿ ಜನರ ಬಾಯಲ್ಲಿ ಮುಳ್ಳಪ್ಪನಾದ. ಮಾತೂ ಹಾಗೇ ಚುಚ್ಚುವುದರಿಂದ ಆ ಹೆಸರು ಗಟ್ಟಿಯಾಗಿ ನಿಂತಿತು ಎನ್ನುವವರೂ ಉಂಟು. ಷಡ್ಡಕ ಟೈಲರ್. ಮುಳ್ಳಪ್ಪನ ಮದುವೆಯಾಗಿ ಐದು ವರ್ಷದ ಮೇಲೆ ಆ ಮನೆಯ ಚಿಕ್ಕ ಅಳಿಯನಾಗಿ ಬಂದವನು, ಬಂದವನೇ ಎಲ್ಲದರಲ್ಲೂ ಮುಂದೆ ಹೋದ. ಮೊದಲು ಮನೆ ಕಟ್ಟಿಸಿದವನು ಅವನು. ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದವನು ಅವನು. ಐವತ್ತು ದಾಟಿದರೂ ತಲೆತುಂಬ ಕೂದಲಿದ್ದವನೂ ಅವನೇ. ಇಷ್ಟೆಲ್ಲ ಇಟ್ಟುಕೊಂಡು ಸೊಕ್ಕಿನಿಂದಾದರೂ ಇರಬಾರದೇ! ಎದುರು ಸಿಕ್ಕಾಗಲೆಲ್ಲ "ಏನಣ್ಣ, ಚೆನ್ನಾಗಿದ್ದೀರಾ?" ಎಂದು ಕೈ ಹಿಡಿದು ವಿಚಾರಿಸುತ್ತಿದ್ದ. ಬಯ್ಯಲು ಒಂದು ನೆಪವನ್ನೂ ಕೊಡದ ಆ ಒಳ್ಳೆಯತನವನ್ನು ಮಾತ್ರ ಮುಳ್ಳಪ್ಪನಿಂದ ಸಹಿಸಲಾಗುತ್ತಿರಲಿಲ್ಲ.

ಪತ್ರಿಕೆಯ ಸುದ್ದಿ ಇಷ್ಟು. ಬಡಾವಣೆಗಳ ಅಭಿವೃದ್ಧಿಗೆಂದು ಸರ್ಕಾರ ಅನುದಾನ ಬಿಡುಗಡೆ ಮಾಡಿದೆ. ಆಯ್ಕೆಯಾದ ಬೀದಿಗೆ ಹೊಸ ರಸ್ತೆ, ಚರಂಡಿ, ದೀಪ, ಜೊತೆಗೊಂದು ವಾಚನಾಲಯ. ಈ ಭಾಗದಲ್ಲಿ ಅರ್ಜಿ ಹಾಕಿದ ಬೀದಿಗಳು ಎರಡು: ಮುಳ್ಳಪ್ಪನಿದ್ದ ಮೇಲಿನ ಬೀದಿ, ಟೈಲರ್ ಇದ್ದ ಕೆಳಗಿನ ಬೀದಿ. ಅನುದಾನ ಒಂದೇ. ಇಂದು ಸಂಜೆ ನಾಲ್ಕಕ್ಕೆ ಇಂಜಿನಿಯರ್ ಬಂದು ಎರಡೂ ಕಡೆ ನೋಡಿ ತೀರ್ಮಾನಿಸುವವರಿದ್ದರು. ಕೆಳಗಿನ ಬೀದಿಯ ಗುಂಡಿಯ ಪಕ್ಕ ನಿಂತ ಟೈಲರ್, "ನಮ್ಮ ಕಷ್ಟ ಈ ಗುಂಡಿಯಷ್ಟೇ ಆಳ" ಎಂದು ಹೇಳಿಕೆ ಬೇರೆ ಕೊಟ್ಟಿದ್ದ.

ಗುಂಡಿಯಾದರೂ ಎಂಥದು! ಎಮ್ಮೆಯ ಕರು ಸುಖವಾಗಿ ಮಲಗಬಹುದಾದ ಗುಂಡಿ. ಅಂಚೆಯವನು ಸೈಕಲ್ ಸಮೇತ ಅದರಲ್ಲಿಳಿದು, ಕಾಗದಗಳ ಸಮೇತ ಮೇಲೆ ಬಂದಿದ್ದ. ಇಂಥ ಗುಂಡಿಯೂ ಅವನ ಪಾಲಿಗೇ ಬರಬೇಕೇ ಎಂದು ಮುಳ್ಳಪ್ಪನ ಹೊಟ್ಟೆ ಚುರ್ರೆಂದಿತು.

ಅವನು ಪತ್ರಿಕೆ ಹಿಡಿದು ಬೀದಿಗೆ ಬರುವಷ್ಟರಲ್ಲಿ ಬೀದಿ ಸಮಿತಿಯ ಅಧ್ಯಕ್ಷರಾದ ನಿವೃತ್ತ ಡ್ರಿಲ್ ಮೇಷ್ಟ್ರು ಅಳತೆ ಟೇಪು ಹಿಡಿದು, ರಸ್ತೆಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದರು. ಸುತ್ತ ಏಳೆಂಟು ಜನ.

"ಮೂರು ಗುಂಡಿ ಇದೆ. ಮೂರೂ ಸೇರಿಸಿದ್ರೂ ಮೊಣಕಾಲು ಮುಟ್ಟಲ್ಲ!" ಎಂದು ಮೇಷ್ಟ್ರು ಟೇಪು ಬಿಸಾಡಿದರು. "ಇದನ್ನ ಗುಂಡಿ ಅಂತಾರೇನ್ರೀ? ಕೆನ್ನೆ ಗುಳಿ ಅಂತಾರೆ."

"ಅಲ್ಲಿ ನನ್ನ ಷಡ್ಡಕ ನೋಡಿ, ಹೆಂಗೆ ಮೆರೀತಿದ್ದಾನೆ," ಎಂದು ಮುಳ್ಳಪ್ಪ ಪತ್ರಿಕೆ ಚಾಚಿದ.

ಮೇಷ್ಟ್ರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ನಿಟ್ಟುಸಿರು ಬಿಟ್ಟರು. "ಗುಂಡಿ ಅಂದ್ರೆ ಇದು. ಪುಣ್ಯ ಮಾಡಿದ್ದಾರೆ ಕಣ್ರೀ." ಪತ್ರಿಕೆ ಮಡಚಿ ಕೊಟ್ಟು ಎದೆ ಸೆಟೆಸಿದರು. "ಸರಿ, ಹಾರೆ ತಗೊಂಡು ಬನ್ನಿ. ನಾವೂ ಅಗೆಯೋಣ. ಎರಡು ಸಾಲಾಗಿ ನಿಲ್ಲಿ!"

ಹಾರೆ ಬಂತು. ಮೇಷ್ಟ್ರ "ಒಂದು, ಎರಡು" ತಾಳಕ್ಕೆ ಜನ ತಮ್ಮ ರಸ್ತೆಯನ್ನು ತಾವೇ ಅಗೆಯತೊಡಗಿದರು. ರಸ್ತೆ ಕೆಟ್ಟದ್ದಾದರೂ ಕಲ್ಲು ಗಟ್ಟಿಯಿತ್ತು. ಹನ್ನೊಂದು ಗಂಟೆಗೆ ಗುಂಡಿಗಳು ಅಂಗೈಯಷ್ಟು ಆಳವಾಗಿದ್ದವು, ಅಗೆದವರ ಅಂಗೈಗಳಲ್ಲಿ ಬೊಬ್ಬೆ ಎದ್ದಿತ್ತು. ಈ ಲೆಕ್ಕದಲ್ಲಿ ಕೆಳಗಿನ ಬೀದಿಯ ಗುಂಡಿಗೆ ಸಮನಾಗಲು ವಾರವಾದರೂ ಬೇಕು ಎಂಬುದು ಮುಳ್ಳಪ್ಪನಿಗೆ ಹೊಳೆಯಿತು.

ಬೆವರೊರೆಸಿಕೊಳ್ಳಲು ಮನೆಗೆ ಬಂದಾಗ ಹೆಂಡತಿ ಇನ್ನೊಂದು ಸುದ್ದಿ ಇಟ್ಟುಕೊಂಡು ಕಾದಿದ್ದಳು. "ತಂಗಿ ಬಂದಿದ್ಲು. ಅವರ ಬೀದಿಯವರೆಲ್ಲ ಒಂದು ಗಂಟೆಗೆ ಶಾಲೆ ಹಾಲ್‌ನಲ್ಲಿ ಸೇರ್ತಾರಂತೆ. ಇಂಜಿನಿಯರ್ ಮುಂದೆ ಯಾರು ಏನು ಹೇಳ್ಬೇಕು ಅಂತ ತಾಲೀಮು. ಮೂರರವರೆಗೂ ನಡೆಯುತ್ತಂತೆ. ಅವರ ಯಜಮಾನರದ್ದು ಎಲ್ಲಾ ಅಚ್ಚುಕಟ್ಟು."

"ಅಚ್ಚುಕಟ್ಟಂತೆ ಅಚ್ಚುಕಟ್ಟು," ಎಂದು ಗೊಣಗಿದ ಮುಳ್ಳಪ್ಪ ತಟ್ಟನೆ ಬೆರಳು ಮಡಿಸಿ ಎಣಿಸಿದ. ಒಂದರಿಂದ ಮೂರು. ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ.

ನಮ್ಮ ಗುಂಡಿ ದೊಡ್ಡದಾಗದಿದ್ದರೆ ಬೇಡ. ಅವನ ಗುಂಡಿ ಇಲ್ಲವಾದರೆ ಸಾಕಲ್ಲ!

ಹಿತ್ತಲಲ್ಲಿ ಎರಡು ಮೂಟೆ ಸಿಮೆಂಟು, ಒಂದು ಗುಡ್ಡೆ ಮರಳು, ಇಟ್ಟಿಗೆಯ ಚೂರು ಬಿದ್ದಿತ್ತು. ಬಚ್ಚಲಿನ ನೆಲ ಸರಿಮಾಡಿಸಿ ಎಂದು ಹೆಂಡತಿ ಎರಡು ವರ್ಷ ಗೋಗರೆದು ತರಿಸಿದ್ದು. ಭಾನುವಾರ ಗಾರೆಯವನು ಬರುವವನಿದ್ದ. ಅವಳು ಊಟ ಮುಗಿಸಿ ಅಡ್ಡಾದದ್ದೇ ತಡ, ಮುಳ್ಳಪ್ಪ ತರಕಾರಿಯವನ ತಳ್ಳುಗಾಡಿ ಕೇಳಿ ತಂದು ಮೊದಲು ಇಟ್ಟಿಗೆ ಚೂರನ್ನು ಹೇರಿದ. ತಲೆಗೆ ಮಂಕಿಕ್ಯಾಪು, ಮೂಗಿಗೆ ಟವೆಲ್ಲು. ಉರಿಬಿಸಿಲಿನಲ್ಲಿ ಆ ವೇಷ ನೋಡಿದವರು ಚಳಿಜ್ವರದವನನ್ನು ಯಾರು ದುಡಿಯಲು ಕಳಿಸಿದರೋ ಎಂದು ಮರುಗಬೇಕಿತ್ತು.

ಕೆಳಗಿನ ಬೀದಿ ಬಿಕೋ ಎನ್ನುತ್ತಿತ್ತು. ಮುಳ್ಳಪ್ಪ ಚೂರನ್ನೆಲ್ಲ ಗುಂಡಿಗೆ ದಡದಡ ಸುರಿದ.

"ಯಾರದು? ಮುನಿಸಿಪಾಲ್ಟಿಯವನಾ?"

ಅವನು ಟವೆಲ್ಲನ್ನು ಕಣ್ಣಿನವರೆಗೂ ಎಳೆದುಕೊಂಡ. ಗುಂಡಿಯ ಎದುರಿನ ಕಿಟಕಿಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಕಾಲು ನೋವೆಂದು ಸಭೆಗೆ ಹೋಗಿರಲಿಲ್ಲ. ಮುಖ ಗುರುತಿಸುವಷ್ಟು ಕಣ್ಣೂ ಕಾಣುತ್ತಿರಲಿಲ್ಲ.

"ಹೌದು ಅಜ್ಜಿ," ಎಂದ ಟವೆಲ್ಲಿನೊಳಗಿಂದ.

"ಆರು ವರ್ಷಕ್ಕೆ ಬಂದ್ಯಲ್ಲಪ್ಪ! ಚೂರು ಹಾಕಿ ಹಾಗೇ ಮಣ್ಣು ಮುಚ್ಚಿ ಓಡಬೇಡ. ನೀರು ಹೊಯ್ದು ದಮ್ಮಸ್ಸು ಮಾಡು."

ಮಾಡಿದ.

"ಆ ಮೂಲೆ ತಗ್ಗಾಯ್ತು ನೋಡು. ಸಂಬಳ ತಗೊಳ್ಳಲ್ವಾ ನೀನು?"

ಆ ಮೂಲೆಯನ್ನೂ ತುಂಬಿದ. ಎರಡನೆಯ ಗಾಡಿ ತಂದು ಸಿಮೆಂಟು ಕಲಸುವಾಗ ಅಜ್ಜಿ ಕಿಟಕಿಯಿಂದ ಒಂದು ಚೊಂಬು ನೀರು ಕೊಟ್ಟಳು, ಕುಡಿದು ಮುಗಿಸುವಷ್ಟರಲ್ಲಿ ಮುರಿದ ಮೆಟ್ಟಿಲನ್ನೂ ತೋರಿಸಿದಳು. ಬೇಡವೆಂದರೆ ಎಲ್ಲಿ ಕೂಗಿ ರಂಪ ಮಾಡುತ್ತಾಳೋ ಎಂದು ಅದನ್ನೂ ಮೆತ್ತಿದ. ಮೆಟ್ಟಿಲಾದ ಮೇಲೆ ಚರಂಡಿಯ ವಾಲಿದ ಚಪ್ಪಡಿ. ಅದನ್ನೂ ಎತ್ತಿ ಕೂರಿಸಿದಾಗ ಸೊಂಟದಲ್ಲಿ ಏನೋ ಲಟಕ್ಕೆಂದಿತು.

ವಿಚಿತ್ರವೆಂದರೆ, ಕೊನೆಯ ಪದರ ಎಳೆಯುವಾಗ ಮುಳ್ಳಪ್ಪ ತಾನು ಬಂದ ಕಾರಣವನ್ನೇ ಮರೆತಿದ್ದ. ಕಾಳಿನಷ್ಟು ಚಕ್ರಗಳನ್ನು ಚಿಮಟದಲ್ಲಿ ಕೂರಿಸುವ ಕೈ ಅದು. ಒರಟು ಕೆಲಸ ಅದಕ್ಕೆ ಬರುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ನೆಲಕ್ಕೆ ಕೆನ್ನೆ ತಾಗಿಸಿ, ಸಾಸಿವೆಯಷ್ಟು ಉಬ್ಬಿದ ಹರಳನ್ನೂ ಉಗುರಲ್ಲಿ ಕಿತ್ತು ಹಲಗೆ ಎಳೆದ. ಮುಗಿದಾಗ ಅದು ಸ್ಲೇಟಿನಂತೆ ನುಣ್ಣಗಿತ್ತು. ಎದ್ದು ನಿಂತು ನೋಡಿ "ಭೇಷ್" ಎಂದುಕೊಂಡ. ಮರುಕ್ಷಣ ಇದರ ಮೇಲೆ ಓಡಾಡುವವನು ಷಡ್ಡಕ ಎಂಬುದು ನೆನಪಾಗಿ ಹೊಟ್ಟೆ ಮತ್ತೆ ಹೊತ್ತಿಕೊಂಡಿತು. ಶಾಲೆಯ ಕಡೆಯಿಂದ ಜನರ ಮಾತು ಕೇಳಿಸಿತು. ಖಾಲಿ ಗಾಡಿಯನ್ನು ಗಡಗಡ ಎನಿಸುತ್ತ ಅವನು ಓಟ ಕಿತ್ತ.

ನಾಲ್ಕಕ್ಕೆ ಸರಿಯಾಗಿ ಇಂಜಿನಿಯರಮ್ಮ ಬಂದರು. ಕೈಯಲ್ಲಿ ಫೈಲು, ಮುಖದಲ್ಲಿ ನಗುವಿಲ್ಲ. ಮೇಲಿನ ಬೀದಿಯಲ್ಲಿ ಮೇಷ್ಟ್ರು ಸಾಲು ನಿಲ್ಲಿಸಿದ್ದರು. ಗುಂಡಿಗಳನ್ನು ತೋರಿಸಿ, "ಹತ್ತು ವರ್ಷದಿಂದ ಹೀಗೇ ಇದೆ ಮೇಡಂ!" ಎಂದು ಗುಡುಗಿದರು.

ಇಂಜಿನಿಯರಮ್ಮ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು. "ಹತ್ತು ವರ್ಷದ ಮಣ್ಣು ಇಷ್ಟು ಹಸಿಯಾಗಿದೆಯಲ್ಲ?" ಸುತ್ತ ನಿಂತವರೆಲ್ಲ ಬೊಬ್ಬೆಯೆದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಕೆ ಏನೋ ಬರೆದುಕೊಂಡು, "ಆ ಬೀದಿ ತೋರಿಸಿ," ಎಂದರು.

ಮುಳ್ಳಪ್ಪ ಸೊಂಟ ಹಿಡಿದುಕೊಂಡೇ ಹಿಂಬಾಲಿಸಿದ. ಷಡ್ಡಕನ ಮುಖ ಆ ಹೊತ್ತಿಗೆ ಹೇಗಿರುತ್ತದೆಂದು ನೋಡದಿದ್ದರೆ ಪಟ್ಟ ಪಾಡೆಲ್ಲ ದಂಡ.

ಅವನು ಬಯಸಿದ್ದಕ್ಕಿಂತ ಚೆನ್ನಾಗಿತ್ತು. ಕೆಳಗಿನ ಬೀದಿಯವರು ದೆವ್ವ ಕಂಡವರಂತೆ ರಸ್ತೆಯನ್ನು ನೋಡುತ್ತ ನಿಂತಿದ್ದರು. ಟೈಲರ್ ಮುಖ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಂತೆ ಬಿಳಿಚಿಕೊಂಡಿತ್ತು.

"ಪತ್ರಿಕೇಲಿ ಬಂದ ಗುಂಡಿ ಎಲ್ಲಿ?" ಎಂದು ಕೇಳಿದರು ಇಂಜಿನಿಯರಮ್ಮ.

"ಇಲ್ಲೇ ಇತ್ತು ಮೇಡಂ... ಮಧ್ಯಾಹ್ನದವರೆಗೂ ಇತ್ತು," ಎಂದು ಟೈಲರ್ ತಡವರಿಸಿದ.

ಯಾರೋ ಕಿಸಕ್ಕೆಂದರು. ಮುಳ್ಳಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸೊಂಟದ ನೋವೂ ಮರೆತುಹೋಯಿತು.

ಇಂಜಿನಿಯರಮ್ಮ ಮಂಡಿಯೂರಿ ಕೂತು, ಪೆನ್ನಿನ ತುದಿಯಿಂದ ಸಿಮೆಂಟು ಒತ್ತಿ ನೋಡಿದರು. ಬೆರಳಿಂದ ಸವರಿದರು. "ಈಗತಾನೆ ಮಾಡಿದ್ದು. ಎಂಥ ಕೆಲಸ! ಇದು ನಮ್ಮ ಕಂಟ್ರಾಕ್ಟರ್ ಕೈಯದಲ್ಲ. ಯಾರು ಮಾಡಿದ್ದು?"

"ಒಬ್ಬ ಬಂದಿದ್ದ ತಾಯಿ," ಎಂದಳು ಕಿಟಕಿಯ ಅಜ್ಜಿ. "ಮುನಿಸಿಪಾಲ್ಟಿಯವನಂತೆ. ಒಬ್ಬನೇ ಎತ್ತಿನ ಹಾಗೆ ದುಡಿದ. ನನ್ನ ಮೆಟ್ಟಿಲು, ಚಪ್ಪಡಿ, ಹೇಳಿದ್ದೆಲ್ಲ ಮಾಡಿಕೊಟ್ಟ. ಒಂದು ಕಾಸು ಕೇಳಲಿಲ್ಲ."

"ಹಾಗಾದ್ರೆ ನಮ್ಮವನಲ್ಲ, ನಿಮ್ಮ ಬೀದಿಯವರೇ ಯಾರೋ," ಎಂದರು ಇಂಜಿನಿಯರಮ್ಮ. ಎದ್ದು ನಿಂತಾಗ ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ನೋಡಿ, ಅನುದಾನ ಅಂದ್ರೆ ಸರ್ಕಾರ ಬಂದು ಸುರಿದು ಹೋಗೋದಲ್ಲ. ರಸ್ತೆ ಮಾಡಿಕೊಡ್ತೀವಿ, ವಾಚನಾಲಯ ಕಟ್ಟಿಕೊಡ್ತೀವಿ. ಆಮೇಲೆ ನೋಡಿಕೊಳ್ಳೋರು ಯಾರು? ಅದಕ್ಕೇ ಜನ ತಾವಾಗಿ ಕೈ ಹಾಕಿರೋ ಬೀದಿಗೆ ಮೊದಲು ಕೊಡಿ ಅಂತ ನಿಯಮ ಇದೆ. ಆ ಬೀದೀಲಿ ಇದ್ದ ರಸ್ತೆ ಅಗೆದಿದ್ದಾರೆ. ಈ ಬೀದೀಲಿ ಇದ್ದ ಗುಂಡಿ ಮುಚ್ಚಿದ್ದಾರೆ. ಇನ್ನು ಯೋಚನೆ ಮಾಡೋಕೆ ಏನಿದೆ? ಅನುದಾನ ಕೆಳಗಿನ ಬೀದಿಗೆ."

ಚಪ್ಪಾಳೆ, ಶಿಳ್ಳೆ. ಮುಳ್ಳಪ್ಪನಿಗೆ ಕಣ್ಣು ಕತ್ತಲಿಟ್ಟಿತು. ಸೊಂಟ ತನ್ನದು, ಸಿಮೆಂಟು ತನ್ನದು, ರಸ್ತೆ ಮಾತ್ರ ಅವನದಾ?

"ಅವರಲ್ಲ ಮೇಡಂ!" ಎಂದು ಜನರ ನಡುವೆ ನುಗ್ಗಿ ಕಿರುಚಿದ. "ಆ ಗುಂಡಿ ಮುಚ್ಚಿದ್ದು ನಾನು! ಇವರ್ಯಾರೂ ಒಂದು ಹಿಡಿ ಮರಳೂ ಹಾಕಿಲ್ಲ! ಬೇಕಾದ್ರೆ ನನ್ನ ಉಗುರು ನೋಡಿ!"

ಹತ್ತು ಉಗುರಲ್ಲೂ ಸಿಮೆಂಟು ಕೂತಿತ್ತು. ಅಜ್ಜಿ ಕಿವಿಯಾನಿಸಿ, "ಹೂಂ, ಅದೇ ಗಂಟಲು," ಎಂದಳು.

"ನೀವು ಯಾವ ಬೀದಿಯವರು?"

"ಮೇಲಿನ ಬೀದಿ ಮೇಡಂ! ಹಾಗಾಗಿ ಅನುದಾನ ಮೇಲಿನ ಬೀದಿಗೇ ಬರಬೇಕು!"

"ಕೆಲಸ ಆಗಿರೋದು ಕೆಳಗಿನ ಬೀದೀಲಿ ಅಲ್ವಾ? ಫೈಲಲ್ಲಿ ಕೆಲಸ ಆದ ಜಾಗ ಬರೀತೀವಿ," ಎಂದ ಇಂಜಿನಿಯರಮ್ಮನ ಕಣ್ಣು ತೇವವಾಗಿತ್ತು. "ಆದ್ರೆ ಪಕ್ಕದ ಬೀದಿಗೆ ಗುಟ್ಟಾಗಿ ಬಂದು ದುಡಿದು ಹೋಗೋ ಮನುಷ್ಯನನ್ನ ನನ್ನ ಸರ್ವಿಸಲ್ಲೇ ನೋಡಿಲ್ಲ. ಈ ಕಾಮಗಾರಿಗೆ ಜನರ ಕಡೆಯಿಂದ ಒಬ್ಬ ಮೇಲ್ವಿಚಾರಕರು ಬೇಕು. ಸಂಬಳ ಇಲ್ಲ, ಸೇವೆ. ದಿನಾ ಬೆಳಿಗ್ಗೆ ಏಳಕ್ಕೆ ಬಂದು ನಿಂತು ಕೆಲಸ ನೋಡಬೇಕು, ಆರು ತಿಂಗಳು. ನಿಮ್ಮ ಹೆಸರು ಬರೆದುಕೊಳ್ತೀನಿ."

ಬೇಡವೆನ್ನಲು ಮುಳ್ಳಪ್ಪ ತೆರೆದ ಬಾಯಿ ಜನ ಹಾಕಿದ ಜೈಕಾರದಲ್ಲಿ ಮುಳುಗಿಹೋಯಿತು. ತಿರುಗಿ ನೋಡಿದರೆ ಡ್ರಿಲ್ ಮೇಷ್ಟ್ರು ತಮ್ಮ ಸಾಲನ್ನು "ಹಿಂದೆ ತಿರುಗ್!" ಎನ್ನಿಸಿ ಕರೆದೊಯ್ಯುತ್ತಿದ್ದರು. ಅವನ ಕಡೆಗೆ ಒಬ್ಬರೂ ಕಣ್ಣೆತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಖಾಲಿ ಹಿತ್ತಲನ್ನು ನೋಡಿ ಆಗಿತ್ತು. "ತಂಗಿ ಬೀದಿಗೆ ಕೊಟ್ರಿ, ಸಂತೋಷ. ನಮ್ಮ ಬಚ್ಚಲಲ್ಲಿ ನಾನು ಜಾರಿ ಬಿದ್ದಾಗ ಅವಳನ್ನೇ ಕರೆಯಿರಿ," ಎಂದು ಅವನ ಸೊಂಟಕ್ಕೆ ಎಣ್ಣೆ ಹಚ್ಚಿದಳೋ ಗುದ್ದಿದಳೋ, ಅವನಿಗೆ ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಟೈಲರ್ ಬಂದ. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಮುಳ್ಳಪ್ಪನ ಪಕ್ಕ ಕೂತು ಅವನ ಕೈ ಹಿಡಿದುಕೊಂಡ.

"ಅಣ್ಣ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆ ಉರೀತಿತ್ತು."

ಮುಳ್ಳಪ್ಪನ ಬೆನ್ನು ನೆಟ್ಟಗಾಯಿತು. "ನನ್ನ ಕಂಡ್ರಾ? ನಿನಗಾ?"

"ಹೂಂ ಅಣ್ಣ. ಅತ್ತೆ ಮನೆಗೆ ಹೋದಾಗಲೆಲ್ಲ ಅವರದ್ದು ಒಂದೇ ಮಾತು. 'ದೊಡ್ಡಳಿಯ ಮುಟ್ಟಿದ್ರೆ ನಿಂತ ಗಡಿಯಾರವೂ ನಡೆಯುತ್ತೆ, ಅವನ ಕೈಯಲ್ಲಿ ಜೀವ ಇದೆ' ಅಂತ. ನಾನು ಹೊಲಿದದ್ದು ಎರಡು ಒಗೆತಕ್ಕೆ ಬಿಚ್ಚಿಹೋಗುತ್ತೆ ಅಂತ. ಅದಕ್ಕೇ ಹಟಕ್ಕೆ ಬಿದ್ದು ಮನೆ ಕಟ್ಟಿಸಿದೆ, ಅಂಗಡಿ ಮಾಡಿಸಿದೆ. ಆದ್ರೂ ನಿಮ್ಮನ್ನ ನೋಡಿ ಬಂದ ದಿನ ನಿದ್ದೆ ಬರ್ತಿರಲಿಲ್ಲ."

ಮುಳ್ಳಪ್ಪನ ಎದೆಯೊಳಗೆ ತಣ್ಣನೆಯ ಗಾಳಿ ಬೀಸಿತು. ಇಂಥ ಮಾತು ಕೇಳಿ ಸತ್ತರೂ ಚಿಂತೆಯಿಲ್ಲ ಎನ್ನಿಸಿತು. "ನಿದ್ದೇನೇ ಬರ್ತಿರಲಿಲ್ವಾ? ಪೂರ್ತಿ ರಾತ್ರಿನಾ?" ಎಂದು ಮೆಲ್ಲಗೆ ಕೇಳಿದ.

"ಪೂರ್ತಿ ರಾತ್ರಿ. ಆದ್ರೆ ಇವತ್ತು ನೀವು ಮಾಡಿದ್ದು ನೋಡಿ ಆ ಉರಿ ಆರಿಹೋಯ್ತು ಅಣ್ಣ. ನೀವೆಲ್ಲಿ, ನಾನೆಲ್ಲಿ! ಇನ್ನು ಈ ಜನ್ಮದಲ್ಲಿ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡಲ್ಲ."

"ಸ್ವಲ್ಪ... ಒಂಚೂರಾದ್ರೂ?"

"ಒಂಚೂರೂ ಇಲ್ಲ ಅಣ್ಣ. ಮನಸ್ಸು ಹತ್ತಿಯಷ್ಟು ಹಗುರ ಆಗಿದೆ. ಬರ್ತೀನಿ, ಬೆಳಿಗ್ಗೆ ಏಳಕ್ಕೆ ಸಿಗೋಣ."

ಟೈಲರ್ ಸಣ್ಣಗೆ ಶಿಳ್ಳೆ ಹಾಕುತ್ತ ಹೋದ. ಬೀದಿಯ ತಿರುವಿನವರೆಗೂ ಆ ಶಿಳ್ಳೆ ಕೇಳಿಸಿತು. ಮುಳ್ಳಪ್ಪ ಕೂತಲ್ಲೇ ಅದನ್ನು ಕೇಳುತ್ತ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ.

"ಏನಂತೆ ರೀ? ಏನಂದ್ರು ಅವರು?" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

"ಏನಿಲ್ಲ ಕಣೇ," ಎಂದ ಮುಳ್ಳಪ್ಪ. "ಅವನಿಗೆ ವಾಸಿಯಾಯ್ತಂತೆ."