ಬಲ್ಬು ಕಾವು ಕೂತ ಇಪ್ಪತ್ಮೂರು ದಿನ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಆಗಿ ಮುಗಿಯುವುದಿಲ್ಲ. ಹಪ್ಪಳ ಒಣಗಿಸಿದರೂ ಅದೊಂದು ಕಥೆಯಾಗಿ ಕೊಣನೂರು ಸಂತೆಯವರೆಗೆ ಹೋಗಿ, ಇನ್ನಷ್ಟು ಬೆಳೆದು ವಾಪಸು ಬರುತ್ತದೆ. ಇಂಥ ಮನೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ ಆದ ನಾನು ಬೇಸಿಗೆ ರಜೆಯಲ್ಲಿ ಮೊಟ್ಟೆ ಮರಿ ಮಾಡಿಸಲು ಹೊರಟರೆ ಸುಮ್ಮನಾದೀತೆ?

ಆಗಿದ್ದಿಷ್ಟು. ನಮ್ಮತ್ತೆ ಮದುವೆಯಾಗಿ ಬರುವಾಗ ಹೊಳೆನರಸೀಪುರದ ಕಡೆಯ ತವರಿನಿಂದ ಒಂದು ಬೋಳುಕತ್ತಿನ ಹೇಂಟೆಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ತಂದಿದ್ದರು. ಅದರ ಮಗಳು, ಮೊಮ್ಮಗಳು, ಮರಿಮಗಳು ಅಂತ ಆ ವಂಶ ನಮ್ಮ ಹಿತ್ತಿಲಲ್ಲಿ ನನಗಿಂತ ಹೆಚ್ಚು ಹಕ್ಕಿನಿಂದ ಓಡಾಡಿಕೊಂಡಿತ್ತು. ಈ ಬೇಸಿಗೆಯಲ್ಲಿ, ಉಳಿದಿದ್ದ ಒಂದೇ ಒಂದು ಹೇಂಟೆಯನ್ನೂ ಬೀದಿನಾಯಿ ಕಚ್ಚಿಹಾಕಿತು. ಅದರ ಆಸ್ತಿ ಅಂತ ಉಳಿದದ್ದು ರಾಗಿ ಮಡಕೆಯಲ್ಲಿಟ್ಟಿದ್ದ ಹತ್ತು ಮೊಟ್ಟೆ. ಊರೆಲ್ಲ ವಿಚಾರಿಸಿದರೂ ಕಾವಿಗೆ ಬಂದ ಹೇಂಟೆ ಸಿಗಲಿಲ್ಲ. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ನಮ್ಮವ್ವ ಕೊಟ್ಟಿದ್ದು ಇವತ್ಗೆ ಮುಗೀತು ಕಣವ್ವ" ಅಂದರು.

ನನಗೆ ತಡೆಯಲಾಗಲಿಲ್ಲ. "ನಾನು ಮರಿ ಮಾಡಿಸ್ತೀನಿ ಅತ್ತೆ" ಅಂದುಬಿಟ್ಟೆ.

ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ನೀನ್ ಕೂತ್ಕತೀಯಾ?"

ಕೈ ಸುಡೋ ಮಾಲು

ಮೀನು ಮಾರುವವನಿಂದ ಒಂದು ಥರ್ಮಾಕೋಲ್ ಡಬ್ಬ ತಂದೆ. ನಾಲ್ಕು ಸಲ ಸೋಪು ಹಾಕಿ ತೊಳೆದರೂ ಅದು ತನ್ನ ಹಿಂದಿನ ಜನ್ಮ ಮರೆಯಲಿಲ್ಲ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದ್ರಲ್ಲಿ ಉಟ್ಟಿದ್ ಮರಿ ತಿಪ್ಪೆಗ್ ಓಗಲ್ಲ, ಕೆರೆಗ್ ಓಯ್ತದೆ" ಅಂದರು.

ಬಲ್ಬಿಗಾಗಿ ಅರಕಲಗೂಡಿಗೆ ಹೋದೆ. "ಬಿಸಿಯಾಗೋ ಬಲ್ಬ್ ಕೊಡಿ" ಅಂದೆ. ಅಂಗಡಿಯವನ ಮುಖ ಸಣ್ಣದಾಯಿತು.

"ನಮ್ಮಲ್ಲಿ ಯಾವ್ದೂ ಬಿಸಿ ಆಗಲ್ಲ ಮೇಡಂ. ಎರಡು ವರ್ಷ ಗ್ಯಾರಂಟಿ."

"ಅಲ್ಲಪ್ಪ, ನಂಗೆ ಬಿಸಿನೇ ಆಗ್ಬೇಕು. ಹಳೇ ಕಾಲದ್ದು, ಒಳಗೆ ತಂತಿ ಇರೋದು. ಮುಟ್ಟಿದ್ರೆ ಕೈ ಸುಡ್ಬೇಕು."

ಅಟ್ಟ ಹತ್ತಿ, ಧೂಳು ಕೊಡವಿ, ಒಂದನ್ನು ತಂದ. ಹೋಲ್ಡರಿಗೆ ಹಾಕಿ ಐದು ನಿಮಿಷ ಉರಿಸಿ, ಬೆರಳಿಟ್ಟು "ಅವ್ವಾ" ಅಂತ ಕಿರುಚಿದ. ಆಮೇಲೆ ಬೆರಳು ಚೀಪುತ್ತಲೇ ಹೇಳಿದ: "ಕಣ್ಮುಚ್ಕೊಂಡು ತಗೊಂಡೋಗಿ ಮೇಡಂ. ಒಳ್ಳೇ ಮಾಲು!"

ಕೋರಂ

ಡಬ್ಬದೊಳಗೆ ಬಲ್ಬು, ಬಟ್ಟಲಲ್ಲಿ ನೀರು, ಥರ್ಮಾಮೀಟರು ಎಲ್ಲ ಸಿದ್ಧವಾಯಿತು. ಅತ್ತೆ ತಡೆದರು. ಕಾವಿಗೆ ಸರಿ ಸಂಖ್ಯೆಯಲ್ಲಿ ಮೊಟ್ಟೆ ಇಡಬಾರದಂತೆ, ಬೆಸವೇ ಇರಬೇಕಂತೆ. "ಹಾಗಾದ್ರೆ ಒಂದು ತೆಗೀರಿ" ಅಂದೆ. "ನಮ್ ತವರಿಂದು ಒಂದೂ ತೆಗ್ಯಕ್ಕಿಲ್ಲ" ಅಂದರು.

ನಮ್ಮ ಯಜಮಾನರು ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಎದ್ದು ಹೋಗಿ ಅಂಗಡಿಯಿಂದ ಒಂದು ಬಿಳಿ ಫಾರಂ ಮೊಟ್ಟೆ ತಂದು ನಡುವೆ ಇಟ್ಟರು.

"ಇದು ಮರಿ ಆಗಲ್ಲ ಕಣ್ರೀ!" ಅಂದೆ.

"ಗೊತ್ತು. ಕೋರಂಗೆ ಇರ್ಲಿ ಬಿಡು. ನಮ್ ಮೀಟಿಂಗಿಗೂ ಇಂಥೋರು ಬತ್ತಾರೆ."

ಬಾಣಂತಿಗೆ ಊಟ

ಮೂರನೇ ದಿನ ನೋಡುತ್ತೇನೆ, ಡಬ್ಬದ ಪಕ್ಕದಲ್ಲಿ ಒಂದು ಹಿಡಿ ರಾಗಿ, ಚಿಪ್ಪಿನಲ್ಲಿ ನೀರು.

"ಇದ್ಯಾರಿಗೆ ಅತ್ತೆ?"

"ಕಾವು ಕೂತೋಳ್ಗೆ."

"ಅತ್ತೆ, ಒಳಗಿರೋದು ಬಲ್ಬು."

"ನಂಗೇನ್ ಕಣ್ ಕಾಣಕ್ಕಿಲ್ವಾ? ಬಲ್ಬಾದ್ರೇನು? ಕಾವು ಕೂತೋಳ್ನ ಉಪಾಸ ಕೆಡುವ್ತಾರಾ?"

ಎರಡು ದಿನದಲ್ಲಿ ಇರುವೆ ಬಂದು ರಾಗಿಯನ್ನೆಲ್ಲ ಸಾಗಿಸಿಬಿಟ್ಟವು. ಖಾಲಿ ಜಾಗ ನೋಡಿ ಅತ್ತೆಗೆ ಸಂತೋಷವೋ ಸಂತೋಷ. "ನೋಡು, ಎಂಗ್ ತಿಂದವ್ಳೆ!"

ಸ್ಕ್ಯಾನಿಂಗು

ಏಳನೇ ದಿನ ಉಗ್ರಾಣದ ಬಾಗಿಲು ಮುಚ್ಚಿ, ಕತ್ತಲು ಮಾಡಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದೆ. ಒಳಗೆ ಕೆಂಪು ನರಗಳು, ನಡುವೆ ಒಂದು ಚುಕ್ಕೆ ಮಿಡುಕುತ್ತಿತ್ತು. ಜೀವಮಾನವಿಡೀ ಮೊಟ್ಟೆ ಮರಿ ಮಾಡಿಸಿದ ಅತ್ತೆ ಒಳಗಿನದನ್ನು ನೋಡಿದ್ದು ಅದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು: "ಗಂಡೋ ಎಣ್ಣೋ ಮಾತ್ರ ಬಾಯ್ಬುಡ್ಬ್ಯಾಡ ಕಣವ್ವ. ಆಸ್ಪತ್ರೇಲಿ ಬೋರ್ಡ್ ಆಕವ್ರೆ. ಕೇಸಾಯ್ತದೆ."

ಸೆಕ್ರೆಟರಿಯವರು ಬಿಜಿ

ಹದಿನೆಂಟನೇ ದಿನ ಲೈನ್ ರಿಪೇರಿ ಅಂತ ಬೆಳಿಗ್ಗೆಯೇ ಕರೆಂಟು ಹೋಯಿತು. ಸಂಜೆವರೆಗೂ ಬರುವುದಿಲ್ಲವಂತೆ. ನಾನು ಬಿಸಿನೀರಿನ ಬಾಟಲಿ ಹುಡುಕುವಷ್ಟರಲ್ಲಿ ಅತ್ತೆ ಬೇರೆ ಉಪಾಯ ಕಂಡುಕೊಂಡಿದ್ದರು. ಯಜಮಾನರು ಬೆಳಗಿನ ಹಾಲು ಅಳೆಸಿ ಬಂದು ಅಂಗಾತ ಮಲಗಿದ್ದರು. ಅವರದು ತಕ್ಕಮಟ್ಟಿಗೆ ವಿಶಾಲವಾದ ಹೊಟ್ಟೆ. ಅದರ ಸುತ್ತ ಹನ್ನೊಂದು ಮೊಟ್ಟೆ ಜೋಡಿಸಿ ಮೇಲೆ ಕಂಬಳಿ ಹೊದಿಸಿದ ಅತ್ತೆ ಹೇಳಿದ್ದು ಒಂದೇ ಮಾತು: "ಅಳ್ಳಾಡುದ್ರೆ ನೋಡ್ಕ ಮತ್ತೆ ಕಣ್ಲಾ!"

ಏಪ್ರಿಲ್ ತಿಂಗಳು. ಮನುಷ್ಯ ಬೆವರಿನಲ್ಲಿ ತೊಯ್ದುಹೋದರು. ಆದರೂ ಅಲ್ಲಾಡಲಿಲ್ಲ. ಮಾಡಲು ಬೇರೇನೂ ಇಲ್ಲದೆ ಸಂಜೆವರೆಗೂ ಫೋನಿನಲ್ಲೇ ಡೈರಿ ವ್ಯವಹಾರ ನಡೆಸಿದರು. ಅವರ ದನಿ ಫೋನಿಲ್ಲದೆಯೂ ಪಕ್ಕದೂರಿಗೆ ಕೇಳಿಸುವಂಥದ್ದು. ಮೇಲಿನ ಆಫೀಸಿನವರು "ಒಂದ್ ಗಂಟೆ ಬಂದೋಗಿ ಸಾರ್" ಅಂದಾಗ ಮಾತ್ರ ತಡವರಿಸಿ, "ಆಗಲ್ಲ ಸಾರ್, ಕಾವು ಕೂತಿದೀನಿ" ಅಂದುಬಿಟ್ಟರು.

ಮರುದಿನ ಡೈರಿಗೆ ಹಾಲು ತಂದವರೆಲ್ಲ ಕೇಳಿದ್ದು ಒಂದೇ: "ಏನಣ್ಣ, ಯಾವಾಗ್ ಡೇಟು?"

ತಾಯಿ ಎದ್ದು ಹೋಗುವ ಹೊತ್ತು

ಮರಿ ಬರಬೇಕಿದ್ದ ಇಪ್ಪತ್ತೊಂದನೇ ದಿನ ಒಂದು ಮೊಟ್ಟೆಯೂ ಒಡೆಯಲಿಲ್ಲ. ಇಪ್ಪತ್ತೆರಡರ ಬೆಳಿಗ್ಗೆ ಹೋಗಿ ನೋಡಿದರೆ ಬಲ್ಬು ಆರಿದೆ! ಪಕ್ಕದಲ್ಲಿ ಅತ್ತೆ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾರೆ.

"ಅತ್ತೆ! ಯಾಕೆ ಆರಿಸಿದ್ರಿ?"

"ಈಗ ಎದ್ದೋಗವ್ಳೆ. ಇನ್ನೊಂದ್ ಗಳ್ಗೆಗೆ ಬತ್ತಾಳೆ."

"ಯಾರು?"

"ತಾಯಿ. ದಿನಕ್ಕೊಂದ್ಸಲ ಎದ್ದೋಗಿ ಮೇಯ್ಕೊಂಡು, ಮೈ ಕೊಡುವ್ಕೊಂಡು ಬರಾಕಿಲ್ವಾ ಯಾಟೆ?"

ಮೊದಲ ದಿನದಿಂದಲೂ, ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ, ಅತ್ತೆ ಬಲ್ಬಿಗೆ ಅರ್ಧ ಗಂಟೆ ಬಿಡುವು ಕೊಟ್ಟಿದ್ದರು! ನಾನು ರೇಗಿಬಿಟ್ಟೆ. ಟೆಂಪರೇಚರ್ ಇಳಿದಿರುತ್ತೆ, ಎಲ್ಲ ಹಾಳಾಗಿರುತ್ತೆ ಅಂತ ಕೂಗಾಡಿದೆ. ಅತ್ತೆಯ ಮುಖ ಬಾಡಿತು.

"ಅಂಗಾದ್ರೆ ನಾನೇ ಕೊಂದ್ಬುಟ್ನಾ?"

ನಾನು ಸ್ವಿಚ್ಚು ಒತ್ತಿ ಬಲ್ಬು ಹೊತ್ತಿಸಿದೆ. ಆ ದಿನವೆಲ್ಲ ಡಬ್ಬದ ಆಚೆ ಅವರು, ಈಚೆ ನಾನು ಕೂತಿದ್ದೆವು.

ಇಪ್ಪತ್ಮೂರನೇ ದಿನ, ಕಾಫಿ ಹೊತ್ತಿಗೆ, ಡಬ್ಬದೊಳಗಿಂದ "ಚಿಂವ್" ಅಂತು. ಮಧ್ಯಾಹ್ನದ ಹೊತ್ತಿಗೆ ಆರು ಮರಿ. ಮೊದಲು ಬಂದದ್ದೇ ಬೋಳುಕತ್ತಿನದು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ತವರಿನವರೇ ಬಂದ ಹಾಗೆ ಅತ್ತರು. ಅತ್ತು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಅವ್ಳು ಉಂಡ್ಕೊಂಡ್ ಬಂದಿದ್ಕೇ ಶಕ್ತಿ ಬಂತು" ಅಂದರು.

ಆಮೇಲೆ ಪುಸ್ತಕ ತೆಗೆದು ನೋಡಿದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮೊಟ್ಟೆ ತಣಿದರೆ ತೊಂದರೆಯಿಲ್ಲ, ಮರಿ ಬರುವುದು ತಡವಾಗಬಹುದು ಅಷ್ಟೇ ಅಂತ ಇತ್ತು. ಆ ಪುಟವನ್ನು ಅತ್ತೆಗೆ ಇನ್ನೂ ತೋರಿಸಿಲ್ಲ.

ಗಂಡೆಷ್ಟು, ಹೆಣ್ಣೆಷ್ಟು?

ಮರಿಗಳು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಅತ್ತೆಯ ರಾಗಿ ತಿಂದವು, ಹಿಂದೆ ಹೋಗಲಿಲ್ಲ. ಯಜಮಾನರು ಫೋನಿನಲ್ಲಿ "ಹಲೋ" ಅಂದರೆ ಸಾಕು, ಆರೂ ಎಲ್ಲಿದ್ದರೂ ಓಡಿಬರುತ್ತಿದ್ದವು. ಮೊಟ್ಟೆಯೊಳಗಿದ್ದಾಗ ಇಡೀ ದಿನ ಕೇಳಿದ ದನಿ ತಾನೆ? "ಇವ್ಕೆ ನಾನ್ಯಾಕೆ ಬೇಕು" ಅಂತ ಗೊಣಗಿಕೊಂಡೇ ಅವರು ಕಾಲೆತ್ತಿ ಕಾಲಿಡುವಾಗ ಕೆಳಗೆ ನೋಡಿ ನಡೆಯುವುದು ಕಲಿತರು.

ಮೊನ್ನೆ ಅರಕಲಗೂಡಿಗೆ ಹೊರಟರು. ಬಸ್ಸು ನಿಲ್ಲುವುದು ನಮ್ಮ ಗೇಟಿನ ಎದುರಿಗೇ. ಫೋನಿನಲ್ಲಿ ಮಾತಾಡುತ್ತಲೇ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರು. ಹಿಂದೆಯೇ ಸಾಲಾಗಿ ಆರು ಮರಿ.

ಕಂಡಕ್ಟರು ಕೆಳಗೆ ಬಗ್ಗಿ ನೋಡಿ, "ಸಾ, ಇವೆಲ್ಲ ನಿಮ್ ಪೈಕಿನಾ?" ಅಂದ.

ಯಜಮಾನರು ಹಿಂತಿರುಗಿ ನೋಡಿದರು. ಇಷ್ಟು ದಿನ ಊರೆಲ್ಲ ಕೇಳಿದರೂ ಒಪ್ಪದಿದ್ದ ಮನುಷ್ಯ, "ಹೂಂ ಕಣಪ್ಪ, ನನ್ವೇ" ಅಂದರು.

"ಹೆಣ್ಣಾದ್ರೆ ಫ್ರೀ ಸಾ, ಗಂಡಾದ್ರೆ ಹಾಫ್ ಟಿಕೆಟ್ಟು" ಅಂದ ಕಂಡಕ್ಟರು ಮೆಷಿನ್ನು ಎತ್ತಿಕೊಂಡ. "ಗಂಡೆಷ್ಟು, ಹೆಣ್ಣೆಷ್ಟು ಹೇಳಿ."

ಅಷ್ಟರಲ್ಲಿ ಜಗಲಿಯಿಂದ ಅತ್ತೆ ಸೀರೆ ಎತ್ತಿಕಟ್ಟಿ ಓಡಿಬಂದರು, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗುತ್ತ:

"ಲೇ, ಬಾಯ್ಬುಟ್ಟೀಯ ಕಣ್ಲಾ! ಕೇಸಾಯ್ತದೆ!"