ಹದ್ದು ಮೇಷ್ಟ್ರು ಕಾಪಿ ಹೊಡೆಸಿದ್ದು

ಹದ್ದು ಮೇಷ್ಟ್ರಿಗೆ ಆ ಹೆಸರಿಟ್ಟವರು ಶಾಲೆಯ ಹುಡುಗರು. ಪರೀಕ್ಷೆಯ ಕೋಣೆಯಲ್ಲಿ ಅವರು ನಡೆಯುತ್ತಿರಲಿಲ್ಲ, ಸುತ್ತು ಹಾಕುತ್ತಿದ್ದರು. ಅಂಗೈಯಲ್ಲಿ ಬರೆದುಕೊಂಡು ಬಂದವನು, ಕೆಮ್ಮಿ ಕೆಮ್ಮಿ ಉತ್ತರ ದಾಟಿಸುವವನು, ಹಿಂದಿನವನಿಗೆ ಕಾಣಲೆಂದು ಹಾಳೆಯನ್ನು ಓರೆಯಾಗಿ ಹಿಡಿಯುವ ಧರ್ಮಾತ್ಮ, ಯಾರೂ ಅವರ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಇಂಥ ಮಹಾಪುರುಷರ ಕಣ್ಣಿಗೆ ಬೀಳದೆ ಹೋದ ಸಂಗತಿ ಒಂದೇ ಒಂದು. ಎರಡು ವರ್ಷ ತುಂಬಿದ ಮಗ ಮರಿ ಇನ್ನೂ ಮಾತಾಡುತ್ತಿರಲಿಲ್ಲ. (ಕಣ್ಣಿಗೆ ಬಿದ್ದಿತ್ತು. ಬಿದ್ದದ್ದನ್ನು ಒಪ್ಪಿಕೊಳ್ಳುವುದು ಬೇರೆ ಮಾತು.)

“ರೀ, ನಾಳೆ ಮಕ್ಕಳ ಆರೋಗ್ಯ ಕೇಂದ್ರಕ್ಕೆ ಹೋಗ್ಬೇಕು. ವಯಸ್ಸಿಗೆ ತಕ್ಕ ಹಾಗೆ ಬೆಳೀತಿದಾನಾ ಅಂತ ನೋಡ್ತಾರಂತೆ,” ಎಂದಳು ಹೆಂಡತಿ.

“ನನ್ನ ಮಗನನ್ನ ಯಾರೋ ಯಾಕೆ ನೋಡ್ಬೇಕು? ನಾನೂ ಮೂರು ವರ್ಷದ ತನಕ ಬಾಯೇ ಬಿಟ್ಟಿರ್ಲಿಲ್ವಂತೆ.”

“ಬಿಟ್ಟಮೇಲೆ ಮುಚ್ಚೇ ಇಲ್ವಲ್ಲ! ನಂಗೆ ಭಯ ಆಗ್ತಿದೆ ರೀ. ಎಷ್ಟೋ ಸಲ ಕರೆದ್ರೂ ತಿರುಗೋದೇ ಇಲ್ಲ.”

“ಅದು ಏಕಾಗ್ರತೆ!”

ಏಕಾಗ್ರತೆ ಎಂದದ್ದೇನೋ ಸರಿ, ಆದರೆ ಆ ಮಾತು ಹೇಳುವಾಗ ಮೇಷ್ಟ್ರ ಎದೆ ಸಣ್ಣಗೆ ಧಸಕ್ಕೆಂದಿತು. ಮಗನಿಗೆ ಏನಾದರೂ ಕಡಿಮೆಯಿದೆ ಅಂದುಬಿಟ್ಟರೆ? ಈ ಭಯವನ್ನು ಏನು ಮಾಡಬೇಕೆಂದು ತಿಳಿಯದೆ, ತಮಗೆ ತಿಳಿದ ಏಕೈಕ ದಾರಿಗೆ ಅದನ್ನು ಹಚ್ಚಿದರು.

“ಏನೇನು ಕೇಳ್ತಾರಂತೆ?”

“ಕಣ್ಣೆಲ್ಲಿ, ಮೂಗೆಲ್ಲಿ ಅಂತ. ಚೆಂಡು ಕೊಡು ಅಂತ.”

“ಪಾಸಾಗೋಕೆ ಎಷ್ಟು ಸರಿ ಇರ್ಬೇಕು?”

“ಅಯ್ಯೋ, ಅದು ಪಾಸು ಫೇಲಿನ ಪರೀಕ್ಷೆ ಅಲ್ಲ ರೀ!”

ಪಾಸು ಫೇಲಿಲ್ಲದ ಪರೀಕ್ಷೆ ಈ ಭೂಮಂಡಲದಲ್ಲಿ ಇರಲು ಸಾಧ್ಯವೆಂದು ಮೇಷ್ಟ್ರು ನಂಬಲಿಲ್ಲ. ಸಂಜೆಯೇ ತರಗತಿ ಶುರುವಾಯಿತು. “ಮೂಗು!” ಎಂದು ಗುಡುಗಿ ತಮ್ಮ ಮೂಗು ಹಿಡಿದುಕೊಂಡರು. ಮರಿ ಅವರನ್ನೇ ನೋಡಿ ತನ್ನ ಮೂಗು ಹಿಡಿದುಕೊಂಡ. “ಕಿವಿ!” ಎಂದರು. ಕಿವಿಯೂ ಸರಿಯಾಯಿತು. ಊಟದ ಹೊತ್ತಿಗೆ ಪೂರ್ತಿ ಪಾಠ ಮುಗಿದು, ಮೇಷ್ಟ್ರು ಮಗನ ಬೆನ್ನು ತಟ್ಟಿದರು. ಮಗನೂ ಅವರ ಬೆನ್ನು ತಟ್ಟಿದ.

ಮರುದಿನ ಕೇಂದ್ರದ ಪುಟ್ಟ ಕೋಣೆಯಲ್ಲಿ ಮರಿ ತಾಯಿಯ ತೊಡೆಯ ಮೇಲೆ, ಎದುರಿಗೆ ತಪಾಸಣೆಯ ಸಿಸ್ಟರ್. ನಡುವೆ ಗಿಡ್ಡ ಮೇಜು, ಅದರ ಮೇಲೆ ಮರದ ತುಂಡುಗಳು, ಒಂದು ಚೆಂಡು, ಒಂದು ಗಿಲಕಿ. ಮೇಷ್ಟ್ರಿಗೂ ಕುರ್ಚಿ ತೋರಿಸಿದರು. ಅವರು ಗಾಳಿ ಬರುತ್ತದೆಂಬ ನೆಪ ಹೇಳಿ ಸಿಸ್ಟರ್ ಬೆನ್ನ ಹಿಂದೆ ಹೋಗಿ ನಿಂತರು.

“ಮರಿ, ಮೂಗೆಲ್ಲಿ?” ಎಂದರು ಸಿಸ್ಟರ್, ಮೆಲ್ಲಗೆ.

ಮರಿ ಸುಮ್ಮನಿದ್ದ. ಮೇಷ್ಟ್ರಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಆಗ, ಎಷ್ಟೋ ಹುಡುಗರ ಕೈಯನ್ನು ಮಿಂಚಿನಂತೆ ಎರಗಿ ಹಿಡಿದಿದ್ದ ಆ ಕೈ ತಾನಾಗಿಯೇ ಮೇಲೆದ್ದು, ತನ್ನ ಯಜಮಾನರ ಮೂಗನ್ನು ಮುಟ್ಟಿತು. ಮರಿಯ ಬೆರಳು ಠಕ್ಕನೆ ಅವನ ಮೂಗಿಗೆ ಹೋಯಿತು.

“ಜಾಣ! ಕಿವಿ?”

ಮೇಷ್ಟ್ರು ಕಿವಿ ಕೆರೆದುಕೊಂಡರು. ಮರಿಗೂ ಕೆರೆತ ಬಂತು. ಚೆಂಡು ಕೇಳಿದಾಗ ಮೇಷ್ಟ್ರ ಗದ್ದ ಚೆಂಡಿನ ಕಡೆ ಹೊರಳಿತು. ಸಿಸ್ಟರ್ ಮಗುವಿನ ಬೆನ್ನ ಹಿಂದೆ ಹೋಗಿ ಗಿಲಕಿ ಆಡಿಸಿದಾಗ ಮೇಷ್ಟ್ರ ಕತ್ತು ಹೊರಳಿತು, ಅದನ್ನು ನೋಡಿದ ಮರಿಯ ಕತ್ತೂ ಹೊರಳಿತು. ಸಿಸ್ಟರ್ ಮತ್ತೆ ಬಂದು ಕೂತರು. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ನೊಣ ಬಂತು.

“ಹೊಟ್ಟೆ ಎಲ್ಲಿ, ಮರಿ?”

ನೊಣ ಮೇಷ್ಟ್ರ ಬೋಳುತಲೆಯ ಮೇಲೆ ಕೂತಿತು. ಮೇಷ್ಟ್ರು ಪಟ್ಟನೆ ಹೊಡೆದರು. ಮರಿಯೂ ತನ್ನ ತಲೆಗೆ ಪಟ್ಟನೆ ಹೊಡೆದುಕೊಂಡ, ಹೊಡೆದುಕೊಂಡು ಮೆಚ್ಚುಗೆಗಾಗಿ ಅಪ್ಪನ ಮುಖ ನೋಡಿದ. ಸಿಸ್ಟರ್ ಹಿಂತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರು ಗೋಡೆಯ ಮೇಲಿನ ಲಸಿಕೆಯ ಚಿತ್ರಪಟವನ್ನು ತದೇಕಚಿತ್ತದಿಂದ ಓದುತ್ತಿದ್ದರು.

ಸಿಸ್ಟರ್ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮೇಷ್ಟ್ರು ಗೆದ್ದ ಸಂಭ್ರಮದಲ್ಲಿ ಮರಿಯನ್ನೆತ್ತಿಕೊಂಡು ಮೊದಲೇ ಹೊರಗೆ ಬಂದರು. ಹೆಂಡತಿ ಸ್ವಲ್ಪ ತಡವಾಗಿ ಬಂದಳು. ದಾರಿಯುದ್ದಕ್ಕೂ “ನೋಡಿದ್ಯಾ, ಒಂದೇ ಒಂದು ತಪ್ಪು!” ಎಂದು ಇವರು ಬೀಗಿದರೆ, ಅವಳು “ಹೂಂ” ಅಂದಳು.

ಮನೆಗೆ ಬಂದು ಅಂಗಿ ಬಿಚ್ಚುತ್ತಿದ್ದಾಗ ಆ ಒಂದು ತಪ್ಪು ಮೇಷ್ಟ್ರ ತಲೆ ಕೊರೆಯತೊಡಗಿತು. ಹೊಟ್ಟೆ ಕೇಳಿದರೆ ತಲೆ ಯಾಕೆ ಮುಟ್ಟಿದ? ಉತ್ತರ ಅವರಿಗೆ ಗೊತ್ತಿದ್ದದ್ದೇ. ಪಕ್ಕದವನ ಸರಿ ಉತ್ತರ ಬರೆದವನು ವಾದ ಮಾಡಿ ಪಾರಾಗಬಹುದು, ಪಕ್ಕದವನ ತಪ್ಪನ್ನೂ ಇದ್ದ ಹಾಗೇ ಇಳಿಸಿದವನು ಕಾಪಿ ಹೊಡೆದವನೇ. ಹುಡುಗರಿಗೆ ಇದನ್ನೇ ತಾನೇ ಅವರು ಗುಡುಗಿ ಹೇಳುತ್ತಿದ್ದದ್ದು! ಅಂದರೆ ಮರಿ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ಅಂದರೆ...

ಅಂಗಿ ಅರ್ಧ ತೋಳಿನಲ್ಲೇ ಇತ್ತು. ಮೇಷ್ಟ್ರು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಮರದ ತುಂಡು ಜೋಡಿಸುತ್ತಿದ್ದ ಮಗನ ಬೆನ್ನ ಹಿಂದೆ ಕೂತರು.

“ಮರಿ.”

ಮರಿ ತಿರುಗಲಿಲ್ಲ.

“ಮರೀ... ಬಂಗಾರ... ಅಪ್ಪ ಕಣೋ.”

ತುಂಡಿನ ಮೇಲೆ ತುಂಡು ಬಿತ್ತು, ಅಷ್ಟೇ. ಮೇಷ್ಟ್ರು ಎದ್ದು ಅಡುಗೆಮನೆಗೆ ನಡೆದರು.

“ಲೇ, ಅವನಿಗೆ ಕೇಳಿಸ್ತಿಲ್ಲ ಕಣೇ. ನಾನು ಹಿಂದೆ ನಿಂತು ಹೇಳಿಕೊಟ್ಟೆ. ಎಲ್ಲಾ ನಾನೇ ಹೇಳಿಕೊಟ್ಟೆ. ಈಗಲೇ ಹೋಗಿ ಆ ಸಿಸ್ಟರ್ ಕಾಲು ಹಿಡೀತೀನಿ, ನನ್ನ ಮಗನನ್ನ ಫೇಲ್ ಮಾಡಿ ತಾಯಿ ಅಂತ!”

“ಬೇಡ. ಅವರಿಗೆ ಗೊತ್ತಾಗಿದೆ.”

“ಏನು ಗೊತ್ತಾಗಿದೆ?”

“ನೊಣ ಗೊತ್ತಾಗಿದೆ. ಮಗು ನನ್ನ ಮುಖ ನೋಡೋದೇ ಇಲ್ಲ, ನನ್ನ ಭುಜದ ಮೇಲಿಂದ ಯಾರನ್ನೋ ನೋಡ್ತಾ ಇದೆ ಅಂದ್ರು ಸಿಸ್ಟರ್. ನಾಳೆ ಮತ್ತೆ ಬನ್ನಿ, ನಿಮ್ಮ ಯಜಮಾನ್ರನ್ನ ಬಿಟ್ಟು ಬನ್ನಿ ಅಂತ ಹೇಳಿ ಕಳಿಸಿದಾರೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ರಾತ್ರಿಯೆಲ್ಲ ಅವನಿಗೆ ಪಾಠ ಮಾಡ್ತಿದ್ರಿ!”

ಅಷ್ಟು ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಅವಳ ಪಕ್ಕದಲ್ಲಿ ಹೋಗಿ ನಿಂತರು.

ಮರುದಿನ ಅವರನ್ನು ಬಿಟ್ಟು ಬನ್ನಿ ಎಂದಿದ್ದರೂ ಮೇಷ್ಟ್ರು ಬಿಡದೆ ಜೊತೆಗೆ ಹೊರಟರು. ಸಿಸ್ಟರ್ ಅವರನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡರು. ಮೇಷ್ಟ್ರು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಕೂತರು, ಮುಚ್ಚಿದ ಬಾಗಿಲಿನ ಈಚೆಯಿಂದಲೂ ಕೈಗೆ ಏನು ಬುದ್ಧಿ ಬರುತ್ತದೋ ಹೇಳಲಾಗದು. ಒಳಗೆ ಗಿಲಕಿ ಸದ್ದಾಯಿತು. ಮೇಷ್ಟ್ರ ಕತ್ತು ಹೊರಳಿತು. ಒಳಗೆ ಯಾರೂ ಜಾಣ ಅನ್ನಲಿಲ್ಲ. ಮತ್ತೆ ಗಿಲಕಿ, ಇನ್ನೂ ಜೋರಾಗಿ. ತಿರುಗೋ ಮರಿ, ಒಂದು ಸಲ ತಿರುಗೋ ಎಂದು ಬೇಡಿಕೊಂಡರು. ಮರುಕ್ಷಣವೇ ಬೇಡ, ಕೇಳಿಸದಿದ್ದರೆ ತಿರುಗಬೇಡ, ಇದ್ದದ್ದು ಇದ್ದ ಹಾಗೆ ಗೊತ್ತಾಗಲಿ ಎಂದು ಹಲ್ಲು ಕಚ್ಚಿದರು. ತಮ್ಮ ಕೋಣೆಯಿಂದ ಹೊರಗಟ್ಟಿದ ಹುಡುಗರು ಹೊರಗೆ ನಿಂತು ಏನು ಅನುಭವಿಸುತ್ತಿದ್ದರೆಂದು ಅವರಿಗೆ ಆ ಬೆಂಚಿನ ಮೇಲೆ ಚೆನ್ನಾಗಿ ತಿಳಿಯಿತು.

ಬಾಗಿಲು ತೆರೆಯಿತು.

“ಬನ್ನಿ ಸಾರ್. ಮಗೂಗೆ ಸಣ್ಣ ಸದ್ದು ಸರಿಯಾಗಿ ಕೇಳಿಸ್ತಿಲ್ಲ. ಕಿವಿ ಒಳಗೆ ನೀರು ಕಟ್ಟಿಕೊಂಡಿರಬಹುದು, ಬೇರೆ ಏನಾದ್ರೂ ಇರಬಹುದು. ಕಿವಿ ಡಾಕ್ಟರ್ ನೋಡಿ ಹೇಳ್ತಾರೆ, ಚೀಟಿ ಕೊಡ್ತೀನಿ. ಬೇಗ ಬಂದಿದೀರಿ, ಅದೇ ಒಳ್ಳೇದು. ಕೇಳಿಸಿದ್ರೆ ತಾನೇ ಮಾತು ಕಲಿಯೋದು?”

“ಬುದ್ಧಿ ಹೇಗಿದೆ?” ಮೇಷ್ಟ್ರು ಕೇಳಿದರು.

“ಬುದ್ಧಿಗೇನು ಸಾರ್! ಬರೀ ನೋಡಿಯೇ ಇಷ್ಟು ಮಾಡ್ತಾನೆ. ಇನ್ನು ಮೇಲೆ ನೀವು ಅವನ ಎದುರಿಗೆ ಕೂತು, ಮುಖ ಕಾಣೋ ಹಾಗೆ, ಕೈಯಲ್ಲಿ ತೋರಿಸ್ತಾ ತೋರಿಸ್ತಾ ಮಾತಾಡ್ಬೇಕು. ದಿನಾ ಮಾಡಿ. ನಿಮಗೆ ಅಭ್ಯಾಸ ಇದೆ, ನಾನು ಹೇಳಿಕೊಡೋದು ಬೇಕಾಗಿಲ್ಲ.”

ಮೇಷ್ಟ್ರ ಕಣ್ಣು ತುಂಬಿ ಬಂತು. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು, ಮೂಗನ್ನೂ ಸೊರ್ರನೆ ಸೀಟಿಕೊಂಡರು. ತಾಯಿಯ ತೊಡೆಯ ಮೇಲಿದ್ದ ಮರಿ ಅದನ್ನೇ ನೋಡುತ್ತಿದ್ದವನು, ತಾಯಿಯ ಸೆರಗು ಎಳೆದು ತನ್ನ ಒಣ ಕಣ್ಣುಗಳನ್ನು ಬಹಳ ಶ್ರದ್ಧೆಯಿಂದ ಒರೆಸಿಕೊಂಡ, ಆಮೇಲೆ ಅದೇ ಸೆರಗಿನಲ್ಲಿ ಮೂಗು ಸೀಟಿದ.

“ರೀ, ಅಳೋದಿದ್ರೆ ಆಚೆ ಹೋಗಿ ಅಳಿ!” ಎಂದಳು ಹೆಂಡತಿ, ತಾನೂ ಅಳುತ್ತಾ. “ಇದು ನನ್ನ ಹೊಸ ಸೀರೆ.”